ವಡ್ಡು ಗ್ರಾಮದ ಶಿಸ್ತುಬದ್ಧ ನಿದ್ರೆ

ನಿದ್ದೆ ಮಾಡುವುದಕ್ಕೂ ಒಂದು ಪದ್ಧತಿಯಿದೆ ಎಂಬುದನ್ನು ಸಂಡೂರು ತಾಲ್ಲೂಕಿನಲ್ಲಿ ಮೊದಲು ಅರಿತದ್ದು ವಡ್ಡು ಗ್ರಾಮ. ಬೇರೆ ಊರಿನವರು ಹೊಟ್ಟೆ ಉರಿದುಕೊಳ್ಳಬಾರದು.

ಅದಿರು ಸಾಗಿಸುವ ಟಿಪ್ಪರ್ ಚಾಲಕರೆಲ್ಲ ಒಳ್ಳೆಯ ನಿದ್ದೆಯುಳ್ಳವರೆಂದು ಸಾಬೀತುಪಡಿಸತಕ್ಕದ್ದು, ತಪ್ಪಿದಲ್ಲಿ ಗಾಡಿಯ ಕೀಲಿ ಒಪ್ಪಿಸತಕ್ಕದ್ದು ಎಂದು ನಿದ್ರಾಭಿವೃದ್ಧಿ ಘಟಕವು ಆದೇಶಿಸಿತು. ಟಿಪ್ಪರ್ ಚಾಲಕ ಹುಲುಗೇಶನಿಗೆ ಇದು ಗಂಡಾಂತರವಾಯಿತು. ಸಂಡೂರಿನ ಘಾಟಿಯಲ್ಲಿ ಒಂದು ಕೈಯಲ್ಲಿ ಸ್ಟೇರಿಂಗ್ ತಿರುವಿ ಇನ್ನೊಂದು ಕೈಯಲ್ಲಿ ಮಿರ್ಚಿ ತಿನ್ನುವ ಗಂಡು ಅವನು. ಹಾಸಿಗೆಗೆ ಬಿದ್ದರೆ ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ. ಗಸಗಸೆ ಪಾಯಸ ಕುಡಿದ, ಅಂಗಾಲಿಗೆ ಎಣ್ಣೆ ತಿಕ್ಕಿದ, ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟ. ಮೊಬೈಲು ಚೆನ್ನಾಗಿ ಮಲಗಿತು.

“ನಿಮ್ಮ ಜಂಬಾ ನೋಡಿ ಹೆದರಿ ನಿದ್ದಿ ಊರು ಬಿಟ್ಟೈತಿ,” ಎಂದಳು ಹೆಂಡತಿ ಅಂಜಲಿ. “ಕೀಲಿ ಕಸಗೊಂಡ್ರ ಎಮ್ಮಿ ಕಾಯ್ತೀರೇನು?”

“ಲೇ, ಈ ಹುಲುಗೇಶ ಮನಸ್ಸು ಮಾಡಿದ್ರ ತಾಲೂಕಿಗೇ ಫಸ್ಟ್ ಮಲಗ್ತಾನ!”

ಪರೀಕ್ಷೆ ನಡೆದದ್ದು ಸಮುದಾಯ ಭವನದಲ್ಲಿ, ಮಧ್ಯಾಹ್ನದ ಊಟವಾದ ಮೇಲೆ. ಚಾಲಕರು ಸಾಲಾಗಿ ಚಾಪೆ ಹಿಡಿದರು. ಮೈಕು ಗರ್ಜಿಸಿತು: “ಅಭ್ಯರ್ಥಿಗಳು ಮನೆಯ ಚಿಂತೆಗಳನ್ನು ಹೊರಗೆ ಚಪ್ಪಲಿಯ ಪಕ್ಕ ಬಿಡತಕ್ಕದ್ದು. ಪೂರ್ವಾನುಮತಿಯಿಲ್ಲದೆ ಕನಸು ಕಾಣತಕ್ಕದ್ದಲ್ಲ. ನಿಶ್ಶಬ್ದ!” ನಿದ್ದೆಯಲ್ಲಿ ಯಾರೂ ಇದನ್ನು ಮರೆಯದಿರಲೆಂದು ಮತ್ತೆ ಮತ್ತೆ ಗರ್ಜಿಸಿತು.

ಪಕ್ಕದ ಚಾಪೆಯಲ್ಲಿ ಚಾಲಕ ಸುಂಕಪ್ಪ ಆಗಲೇ ಗೊರಕೆ ಹೊಡೆಯುತ್ತಿದ್ದ. ಹುಲುಗೇಶ ಕಣ್ಣು ಬಿಗಿಯಾಗಿ ಮುಚ್ಚಿ ಆ ಗೊರಕೆಯನ್ನೇ ನಕಲು ಮಾಡುತ್ತ ಬಿದ್ದುಕೊಂಡ.

ಅಷ್ಟರಲ್ಲಿ ಪರೀಕ್ಷಾಧಿಕಾರಿ ಜಂಬುನಾಥ್ ಒಳಬಂದರು. ದೊಡ್ಡವರು ಬಂದಾಗ ವಡ್ಡಿನ ಮಗ ಮಲಗಿರುವುದುಂಟೇ? ಹುಲುಗೇಶನ ಕಾಲುಗಳು ಅವನನ್ನು ಕೇಳದೆ ಎದ್ದು ನಿಂತವು, ಕೈಗಳು ತಾವೇ ಮುಗಿದವು. “ನಮಸ್ಕಾರ್ರಿ ಸಾಹೇಬ್ರ, ಬರ್ರಿ, ಕುಂದ್ರಿ!” ಎಂದ ಮೇಲೆ, ತಾನು ನಿದ್ದೆಯಲ್ಲಿರಬೇಕಾದವನು ಎಂಬುದು ನೆನಪಾಯಿತು. ಹೋಯಿತು ಕೀಲಿ.

“ನಿದ್ದಿ ಬಂದೈತೇನು?” ಜಂಬುನಾಥ್ ಕೇಳಿದರು.

“ಭಾಳ ಗಾಢ ನಿದ್ದಿಯೊಳಗದೀನ್ರಿ,” ಎಂದ ಹುಲುಗೇಶ, ಬೇರೆ ದಾರಿಯಿಲ್ಲದೆ.

“ಮಸ್ತ್! ಇಷ್ಟು ಮರ್ಯಾದಿ ಇರೋ ನಿದ್ದಿ ನಾ ಹೊಸಪೇಟ್ಯಾಗೂ ಕಂಡಿಲ್ಲ.” ಅಧಿಕಾರಿಗಳ ದೃಷ್ಟಿ ಪಕ್ಕಕ್ಕೆ ಹೊರಳಿತು. “ಇವ್ರ್ಯಾಕ ಏಳವಲ್ರು?”

“ಮಲಗ್ಯಾನ್ರಿ.”

“ನಾವು ಬಂದಾಗ?”

ಮೇಲಧಿಕಾರಿಗಳ ಆಗಮನಕ್ಕೆ ಎದ್ದು ನಿಲ್ಲದ ನಿದ್ರೆಯನ್ನು ನಿದ್ರೆಯೆಂದು ಪರಿಗಣಿಸತಕ್ಕದ್ದಲ್ಲ ಎಂಬ ನಿಯಮ ಅಲ್ಲೇ ಹುಟ್ಟಿತು. ಸುಂಕಪ್ಪನನ್ನು ಅಲುಗಾಡಿಸಿ ಎಬ್ಬಿಸಿ, ನಿದ್ದೆ ಬಾರದವನೆಂದು ಘೋಷಿಸಿ, ಕೀಲಿ ಕಸಿದುಕೊಳ್ಳಲಾಯಿತು. ಹುಲುಗೇಶನಿಗೆ ಶಾಲು ಹೊದಿಸಿ ನಿದ್ರಾ ತರಬೇತುದಾರನೆಂದು ನೇಮಿಸಲಾಯಿತು.

ಮರುದಿನ ಸುಂಕಪ್ಪ ಬಾಗಿಲಿಗೆ ಬಂದ. “ನನಗೂ ಚಂದಾಗಿ ಮಲಗೋದು ಕಲಿಸಪಾ ತಮ್ಮಾ. ಗಾಡಿ ಇಲ್ಲಂದ್ರ ನಾ ಯಾರು?”

“ನಾ ಕಲಿಸಿದ್ರ ಕಲ್ಲೂ ಮಲಗ್ತೈತಣ್ಣಾ!” ಹುಲುಗೇಶ ಶಾಲು ಸರಿಮಾಡಿಕೊಂಡ. “ಮೊದ್ಲು ಕಣ್ಣು ತಗಿ. ಬಾಗಿಲ ಕಡೆ ಕಿವಿ ಇಡು. ಜೀಪಿನ ಸಪ್ಪಳಾದ್ರ ಜಲ್ದಿ ಏಳು. ನಿದ್ದಿ ಹತ್ತಿತೋ, ಕೆಟ್ಟಿ!”

ಸುಂಕಪ್ಪ ನಿಷ್ಠೆಯಿಂದ ಅಭ್ಯಾಸ ಮಾಡಿದ. ಮರುಪರೀಕ್ಷೆಯಲ್ಲಿ ಜಂಬುನಾಥರ ಜೀಪು ಊರ ಹೊರಗಿರುವಾಗಲೇ ಎದ್ದು ಕೈಮುಗಿದು ನಿಂತ. ಕೀಲಿ ಮರಳಿತು.

“ನಿನ್ನ ಪುಣ್ಯ ತಮ್ಮಾ,” ಕೆಂಪು ಕಣ್ಣುಗಳ ಸುಂಕಪ್ಪ ಹುಲುಗೇಶನನ್ನು ಅಪ್ಪಿಕೊಂಡ. “ಈಗ ಒಂಚೂರೂ ನಿದ್ದಿ ಬರಂಗಿಲ್ಲ. ಮಸ್ತ್ ಮಲಗ್ತೀನಿ.”

ಅದೇ ತರಬೇತಿ ಪಡೆದು ಸುತ್ತ ನಿಂತಿದ್ದ ಚಾಲಕರೆಲ್ಲ ಮೆಚ್ಚಿ ತಲೆದೂಗಿದರು, ಮತ್ತು ಆಕಳಿಸುತ್ತ ತಮ್ಮ ತಮ್ಮ ಟಿಪ್ಪರ್ ಹತ್ತಿದರು.