ಖಾಲಿ ಪಾತ್ರೆಯ ರೇಟು

ಅಸಲು, ಮಾರಿದ ಬೆಲೆ, ಲಾಭ ಎಂದು ಕಪ್ಪು ಹಲಗೆಯ ಮೇಲೆ ಬರೆದು ಬೀದಿಗಿಳಿದರೆ, ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ದಿನಕ್ಕೊಂದು ಸಂಗತಿ ನಡೆದು ನನ್ನ ಪಾಠವನ್ನು ಒರೆಸಿಹಾಕುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಮನೆಯ ಒಲೆ ಹಚ್ಚಲು ಮನಸ್ಸಾಗದೆ, ಬೆಳಗಿನ ತಿಂಡಿಗೆ ಶಾಲೆಯ ಹತ್ತಿರದ ಇಡ್ಲಿ ಅಜ್ಜಿಯ ಅಂಗಡಿಗೆ ಹೋಗುತ್ತಿದ್ದೆ. ಆದ್ದರಿಂದ ಇವೆಲ್ಲ ಕಣ್ಣಾರೆ ಕಂಡವು.

ಹಗುರ

ಯುದ್ಧದ ಕಾಲ. ಉದ್ದಿನಬೇಳೆ ತುಟ್ಟಿಯಾಯಿತು. ಅಜ್ಜಿ ಬೆಲೆ ಏರಿಸಲಿಲ್ಲ; ಇಡ್ಲಿಯನ್ನು ಇಳಿಸಿದಳು. ಬುತ್ತಿ ಕಟ್ಟಿಸಿಕೊಳ್ಳಲು ಬಂದ ಗಣಿ ಕೆಲಸಗಾರನೊಬ್ಬ ಇಡ್ಲಿಯನ್ನು ಬೆಳಕಿಗೆ ಹಿಡಿದು ನೋಡಿದ.

“ಏನಜ್ಜೀ, ಇಷ್ಟು ಸಣ್ಣಗಾಗೈತೆ?”

“ಅಷ್ಟು ಆಳಕ್ಕೆ ಬುತ್ತಿ ಒತ್ಕಂಡು ಇಳೀತೀಯಲ್ಲಪ್ಪ, ಭಾರ ಆಗ್ಬಾರ್ದು ಅಂತ.”

ಖಾಲಿ ಪಾತ್ರೆ

ಎದುರಿಗೇ ಹೊಸ ಹೋಟೆಲು ಬಂತು. “ಮುದುಕಿ ಎಷ್ಟು ಅಂತಾಳೋ ಅದಕ್ಕಿಂತ ಒಂದು ಕಾಸು ಕಮ್ಮಿ!” ಎಂದು ಅದರ ಮಾಲೀಕ ಬೀದಿಗೆಲ್ಲ ಸಾರಿದ. ಗಿರಾಕಿಗಳು ಅತ್ತ ಸರಿದರು. ಅಂಗಡಿ ಮುಚ್ಚಿದರೆ ಅಜ್ಜಿಗೆ ಕಾಮಸಮುದ್ರದ ಅಳಿಯನ ಮನೆಯೇ ಗತಿ.

“ಆ ಅಳಿಯನ ಮೂತಿ ದಿನಾ ನೋಡೋ ಬದ್ಲು ಗಣಿಗೇ ಇಳೀತೀನಿ ಮೇಷ್ಟ್ರೇ,” ಎಂದಳು.

ಒಂದು ಬೆಳಗ್ಗೆ ಸೌದೆ ಸಿಗದೆ ಅವಳು ಒಲೆಯನ್ನೇ ಹಚ್ಚಿರಲಿಲ್ಲ. ಆದರೂ ಮುಚ್ಚಿದ ಖಾಲಿ ಪಾತ್ರೆಯ ಮುಂದೆ ಕುಳಿತು, “ಇಡ್ಲಿ ಎರಡೇ ಕಾಸು!” ಎಂದು ಕೂಗಿದಳು. ಹೋಟೆಲಿನವನು ತಡಮಾಡದೆ “ಒಂದೇ ಕಾಸು!” ಎಂದ. ಜನ ಅವನ ಮೇಲೆ ಮುಗಿಬಿದ್ದರು.

“ಅಲ್ಲಜ್ಜಿ, ಎರಡು ಕಾಸಿಗೆ ಗಿಟ್ಟುತ್ತದೆಯೇ?” ಎಂದೆ.

“ಇಲ್ದಿರೋ ಇಡ್ಲೀನ ಎಷ್ಟಕ್ಕೆ ಮಾರುದ್ರೂ ನಷ್ಟ ಇಲ್ಲ ಮೇಷ್ಟ್ರೇ.”

ಉಪ್ಪು

ಮರುದಿನದಿಂದ ಅಜ್ಜಿ ಎರಡೇ ಕಾಸೆಂದು ಕೂಗುತ್ತ ಹೋದಳು. ಆಡಿದ ಮಾತಿಗೆ ಕಟ್ಟುಬಿದ್ದು ಅವನು ಒಂದೇ ಕಾಸಿಗೆ ಮಾರುತ್ತ ಹೋದ. ಅಕ್ಕಿ, ಬೇಳೆ, ಸೌದೆ ಕೊಂಡು ಬೇಯಿಸುವುದಕ್ಕಿಂತ ಅವನ ಇಡ್ಲಿ ಕೊಳ್ಳುವುದೇ ಅಗ್ಗವೆಂದು ಅವಳಿಗೆ ಹೊಳೆದಿತ್ತು. ಪಾಳಿ ಬದಲಾಗುವ ಸಂಗು, ಅಂದರೆ ಗಣಿಯ ಸೈರನ್ನು, ಕೂಗುವ ಮೊದಲೇ ಹಾಲಿನವಳನ್ನು ಕಳಿಸಿ, ಅವನ ಇಡ್ಲಿಯನ್ನೆಲ್ಲ ತರಿಸಿ ತನ್ನ ಪಾತ್ರೆಗೆ ತುಂಬಿಕೊಳ್ಳುತ್ತಿದ್ದಳು. ಸರಿಯಾಗಿ ಹೇಳಬೇಕೆಂದರೆ, ಚಟ್ನಿ ಮಾತ್ರ ಅವಳದು. ಗಣಿಯಿಂದ ಜನ ಹಸಿದು ಬರುವಾಗ ಅವನಲ್ಲಿ ಇಡ್ಲಿ ಮುಗಿದಿರುತ್ತಿತ್ತು. ಎಲ್ಲರೂ ಇವಳ ಬಳಿಗೇ.

ಇಡ್ಲಿಯೆಲ್ಲ ಖರ್ಚಾದರೂ ಅವನ ಕೈಯಲ್ಲಿ ಏನೂ ನಿಲ್ಲುತ್ತಿಲ್ಲ, ಮುದುಕಿಯ ಮುಂದಿನ ಸಾಲು ಕರಗುತ್ತಿಲ್ಲ. ಗುಟ್ಟೇನೆಂದು ನೋಡಲು ಹೋಟೆಲಿನವನೇ ಬಂದು ನನ್ನ ಪಕ್ಕ ಕುಳಿತ. ಒಂದು ತುತ್ತು ತಿಂದು ಮುಖ ಸಿಂಡರಿಸಿದ.

“ಥೂ, ಉಪ್ಪೇ ಇಲ್ಲ! ಇದಕ್ಕೆ ನನ್ನದರ ಎರಡರಷ್ಟು ರೇಟಾ?”

ಅಜ್ಜಿ ಇನ್ನಷ್ಟು ಚಟ್ನಿ ಬಡಿಸಿದಳು. “ನಾನೂ ಅದ್ನೇ ಏಳ್ಬೇಕಂತಿದ್ದೆ ಕಣಪ್ಪ. ನಾಳೆಯಿಂದ ಉಪ್ಪು ಒಂಚೂರು ನೋಡಿ ಆಕು.”