ಎಲ್ಲರ ಎರಡನೆಯ ಆಯ್ಕೆ

ನನಗೆ ಶತ್ರುಗಳಿಲ್ಲ ಎಂದು ಬಹಳ ಕಾಲ ಹೆಮ್ಮೆಪಟ್ಟುಕೊಂಡಿದ್ದೆ. ಡೊಂಬಿವಲಿ ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ಅಂಚಿಗೆ ಅರ್ಧ ಮೈ ಊರಿ, ಉಳಿದರ್ಧವನ್ನು ಗಾಳಿಗೆ ಬಿಟ್ಟು ಬರುವವನಿಗೆ ಯಾರು ತಾನೇ ಶತ್ರು? ಆದರೆ ಶತ್ರುಗಳಿಲ್ಲದವನಿಗೆ ವೋಟೂ ಇರುವುದಿಲ್ಲ ಎಂದು ಗೊತ್ತಾದದ್ದು ನಮ್ಮ ಕನ್ನಡ ಸಂಘದ ಅಧ್ಯಕ್ಷನಾಗಲು ಹೊರಟಾಗ.

ಸಂಘದಲ್ಲಿ ಎರಡು ಪಂಗಡ. ಕರಾವಳಿಯವರಿಗೆ ಕಳವಾ ಸ್ಟೇಷನ್ ಬಳಿ ಹೋಟೆಲಿಟ್ಟ ಶೆಟ್ಟರು ಬೇಕು, ಉತ್ತರ ಕರ್ನಾಟಕದವರಿಗೆ ಕಲ್ಯಾಣದ ಕುಲಕರ್ಣಿಯವರು. ರಾಜ್ಯೋತ್ಸವದ ಊಟಕ್ಕೆ ನೀರುದೋಸೆಯೋ ಜೋಳದ ರೊಟ್ಟಿಯೋ ಎಂಬುದು ಇತ್ಯರ್ಥವಾಗದೆ ಒಂದು ವರ್ಷ ವಡಾಪಾವ್ ಹಂಚಿದವರು ನಾವು. ನಾನು ಉಡುಪಿಯವನಾದರೂ ಎರಡೂ ಕಡೆ ಚಹಾ ಕುಡಿದವನು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಹಾರ ಹಾಕಿಸಿಕೊಂಡು ಒಮ್ಮೆ ಕೂರಬೇಕೆಂಬ ಆಸೆ ಮಾತ್ರ ಹೊಟ್ಟೆಯೊಳಗಿತ್ತು. ಆದ್ದರಿಂದ ನಾನೂ ನಿಂತು, ಮತ ಎಣಿಸುವ ಹೊಸ ಪದ್ಧತಿಯೊಂದನ್ನು ಸಭೆಯ ಮುಂದಿಟ್ಟೆ.

"ಎಲ್ಲರೂ ಮೂವರ ಹೆಸರಿಗೂ ಒಂದು, ಎರಡು, ಮೂರು ಅಂತ ಹಾಕಿ. ಹೋಟೆಲಿನಲ್ಲಿ ದೋಸೆ ಮುಗಿದಿದ್ದರೆ ಇಡ್ಲಿ ಕೊಡಿ ಅನ್ನುವುದಿಲ್ಲವೇ? ಹಾಗೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವನನ್ನು ತೆಗೆದು, ಅವನ ಚೀಟಿಗಳನ್ನು ಅವುಗಳಲ್ಲಿರುವ ಎರಡನೆಯ ಹೆಸರಿಗೆ ಕೊಡುವುದು."

ಎಲ್ಲರೂ ತಲೆದೂಗಿದರು. "ನಮ್ಮ ಮಂದೀದು ಎರಡನೇ ನಂಬರ್ ನಿಮಗೇ ಬಿಡ್ರಿ ರಾಯರ," ಎಂದರು ಕುಲಕರ್ಣಿ. "ನಮ್ಮವರದ್ದೂ ಸೆಕೆಂಡ್ ನಿಮಗೇ ಮಾರಾಯ್ರೆ," ಎಂದರು ಶೆಟ್ಟರು. ನಾನು ಮನಸ್ಸಿನಲ್ಲೇ ಕುರ್ಚಿ ಒರೆಸಿಕೊಂಡೆ.

ಚೀಟಿ ಕೈಗೆ ಬಂದಾಗ ಸಂಕೋಚ ಕಾಡಿತು. ಪಂಕ್ತಿಯಲ್ಲಿ ತನ್ನ ಎಲೆಗೆ ತಾನೇ ಮೊದಲು ಬಡಿಸಿಕೊಳ್ಳುವುದುಂಟೇ? ಶೆಟ್ಟರಿಗೆ ಒಂದು ಹಾಕಿ, ನನಗೆ ಎರಡು ಹಾಕಿಕೊಂಡೆ.

ಎಣಿಸಿದಾಗ ಶೆಟ್ಟರಿಗೂ ಕುಲಕರ್ಣಿಯವರಿಗೂ ಸಮ ಸಮ. ನನಗೆ ಒಂದೇ ಒಂದು. ಕೊನೆಯವನನ್ನು ತೆಗೆಯಬೇಕೆಂದು ಪಾಠ ಮಾಡಿದವನೇ ಆ ಕೊನೆಯವನು! ಎರಡೂ ಪಂಗಡದವರು ಮಾತು ಉಳಿಸಿಕೊಂಡು ನನಗೆ ಕೊಟ್ಟ ಎರಡನೆಯ ಮತಗಳನ್ನು ಯಾರೂ ನೋಡುವಂತೆಯೇ ಇರಲಿಲ್ಲ. ದೋಸೆ ಮುಗಿದರೆ ತಾನೇ ಇಡ್ಲಿಯ ಮಾತು? ನನಗೆ ಬಂದ ಆ ಒಂಟಿ ಚೀಟಿಯಲ್ಲಿ ಎರಡನೆಯ ಹೆಸರು ಶೆಟ್ಟರದು. ಅದರಿಂದ ಅವರು ಗೆದ್ದರು. ನಾನು ಚಪ್ಪಾಳೆ ತಟ್ಟಿದೆ.

ಆ ಒಂದು ವೋಟು ಹೆಂಡತಿಯದೇ ಎಂದು ಮನಸ್ಸು ತುಂಬಿ ಬಂತು. ಅವಳು ಚೀಟಿ ಹಾಕಿ ಮೊದಲೇ ಮನೆಗೆ ಹೋಗಿದ್ದಳು. ಸ್ಟೇಷನ್ ಹತ್ತಿರ ಮಲ್ಲಿಗೆ ಕೊಂಡು ಹೋಗಿ ಕೊಟ್ಟೆ.

"ಇದೆಂತಕ್ಕೆ?"

"ನೀನೊಬ್ಬಳಾದರೂ ನನಗೆ ಮೊದಲ ಮತ ಹಾಕಿದೆಯಲ್ಲ."

"ನಾನಾ? ನಾನು ಕುಲಕರ್ಣಿಯವರಿಗೆ ಹಾಕಿದ್ದು. ನಿಮ್ಮದು ನೀವೇ ಹಾಕ್ತೀರಿ ಅಂತ ಎಣಿಸಿದ್ದೆ." ಹೂ ಮುಡಿಯುತ್ತ ಕೇಳಿದಳು, "ನೀವು ಯಾರಿಗೆ ಹಾಕಿದ್ದು?"

"ಶೆಟ್ಟರಿಗೆ."

"ನಿಮಗೇ ನೀವು ಬೇಡದಿದ್ರೆ ನಾನೆಂತ ಮಾಡುದು?"

ಅಷ್ಟರಲ್ಲಿ ಶೆಟ್ಟರ ಫೋನು. "ಬೇಸರ ಮಾಡ್ಬೇಡಿ ರಾಯರೇ, ನನ್ನ ವೋಟು ನಿಮಗೇ. ನಮ್ಮ ಹೆಸರು ನಾವೇ ಮೊದಲು ಬರೆಯುದು ಹೇಗೆ? ಎರಡನೇದು ಬರೆದೆ. ನೀವು ಹೋದ್ರೆ ಹೇಗೂ ನನಗೇ ಬರ್ತದೆ ಅಂತ ನೀವೇ ಕಲಿಸಿದ್ದಲ್ಲವಾ!"

ಈಗ ಸಂಘದಲ್ಲಿ ಯಾರಾದರೂ ಶೆಟ್ಟರನ್ನು ದೂರಿದರೆ ನಾನು ಸಹಿಸುವುದಿಲ್ಲ. ನಾನು ಅಧ್ಯಕ್ಷನಾಗಲು ಯೋಗ್ಯ ಎಂದು ಇಡೀ ಊರಿನಲ್ಲಿ ಬರೆದುಕೊಟ್ಟವರು ಅವರೊಬ್ಬರೇ. ನಾನೂ ಬರೆದಿರಲಿಲ್ಲ.