ಚನ್ನಾಜಮ್ಮ ಉಸಿರು ಎಣಿಸಿದ್ದು

ಹಲ್ಲಿನ ಡಾಕ್ಟರ್ ಲಿಖಿತಾಳನ್ನು ಚನ್ನಾಜಮ್ಮ ಮೊದಲು ಕಂಡದ್ದು ಒಂದು ಸೋಮವಾರ. ಸೋಮವಾರವೆಂದರೆ ನಂಜನಗೂಡಿನ ಗುಡಿಗೆ ಹೋಗಬೇಕಾದ ದಿನ. ಅದನ್ನು ಬಿಟ್ಟು, ಹೆಡತಲೆಯಿಂದ ಎರಡು ಬಸ್ಸು ಬದಲಿಸಿ ತಿ. ನರಸೀಪುರಕ್ಕೆ ಬಂದು, ಹದಿನೇಳು ಮೆಟ್ಟಿಲು ಹತ್ತಿ (ಎಣಿಸಿದ್ದಳು), ಬಾಯಲ್ಲಿ ಒಂದೇ ಒಂದು ಹುಳುಕು ಹಲ್ಲಿಲ್ಲದ ಮಗನನ್ನು ಹಲ್ಲಿನ ಡಾಕ್ಟರ ಮುಂದೆ ಕೂರಿಸಬೇಕಾಗಿ ಬಂದದ್ದು ಅವಳ ಮೈ ಉರಿಸಿತ್ತು.

ಮಗ ನಂಜುಂಡೇಶನ ಕಾಯಿಲೆ ಹಲ್ಲಿನದಲ್ಲ, ಗೊರಕೆಯದು. ಅವನು ಬೆಳಗಿನ ಜಾವ ಹಾಲಿನ ಕ್ಯಾನು ತುಂಬಿದ ವ್ಯಾನು ಓಡಿಸಿ, ಮಧ್ಯಾಹ್ನ ಉಂಡು ನಡುಮನೆಯಲ್ಲಿ ಮಲಗಿದನೆಂದರೆ ಕೊಟ್ಟಿಗೆಯ ಎಮ್ಮೆ ಮೇವು ಬಿಟ್ಟು ಕಿವಿ ನಿಮಿರಿಸುತ್ತಿತ್ತು. ಗೊರಕೆಯನ್ನಾದರೂ ಸಹಿಸಬಹುದು. ನಡುನಡುವೆ ಅದು ತಟಕ್ಕನೆ ನಿಲ್ಲುತ್ತಿತ್ತು. ಜೊತೆಗೆ ಉಸಿರೂ ನಿಲ್ಲುತ್ತಿತ್ತು. ಆಮೇಲೆ ನೀರಲ್ಲಿ ಮುಳುಗಿದವನು ಮೇಲೆದ್ದಂತೆ ಒಂದು ದೊಡ್ಡ ಏದುಸಿರು. ಎಷ್ಟು ಮಲಗಿದರೂ ಅವನಿಗೆ ನಿದ್ದೆ ಸಾಲದು. ಒಂದು ದಿನ ತಾಂಡವಪುರದ ಹತ್ತಿರ ತೂಕಡಿಸಿ ವ್ಯಾನನ್ನು ಬೇಲಿಯೊಳಕ್ಕೆ ನುಗ್ಗಿಸಿದ. ವ್ಯಾನಿನ ಮಾಲೀಕ ಮಲ್ಲಯ್ಯ ಕೀ ಕಿತ್ತುಕೊಂಡು, ವಾಸಿಯಾಗಿದೆ ಅಂತ ಡಾಕ್ಟರ ಕೈಲಿ ಬರೆಸಿಕೊಂಡು ಬಾ, ಅಲ್ಲೀವರೆಗೂ ಮನೇಲಿ ಮಲಗು ಎಂದ. ಮಲಗುವುದೇ ಕಾಯಿಲೆಯಾದವನಿಗೆ ಕೊಟ್ಟ ಶಿಕ್ಷೆ ಇದು.

ಮೈಸೂರಿನ ಡಾಕ್ಟರು ಮೈಗೆಲ್ಲ ವೈರು ಅಂಟಿಸಿ ಮಲಗಿಸಿ ನೋಡಿ, ನಿದ್ದೆಯಲ್ಲಿ ಉಸಿರು ಕಟ್ಟುವ ರೋಗ ಎಂದರು. ಮೂಗಿಗೆ ಗಾಳಿ ಊದುವ ಯಂತ್ರ ಕೊಟ್ಟರು. ನಂಜುಂಡೇಶ ಎರಡು ದಿನ ಕಟ್ಟಿಕೊಂಡು, ಮೂರನೆಯ ದಿನ ಕಿತ್ತೆಸೆದ. ಹಾಗಾದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎಂದು ಅವರೇ ಚೀಟಿ ಬರೆದರು.

“ಗೊರ್ಕೆ ಬರೋದು ಮೂಗಿಂದ. ಮೂಗ್ಗೂ ಹಲ್ಗೂ ಏನವ್ವಾ ನಂಟು?” ಎಂದು ಚನ್ನಾಜಮ್ಮ ಕೂರುವ ಮೊದಲೇ ಕೇಳಿದಳು.

ಡಾಕ್ಟರಮ್ಮನಿಗೆ ಸಿಟ್ಟು ಬರಲಿಲ್ಲ. ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿ ಗಂಟಲಿನ ದಾರಿ ಮುಚ್ಚುತ್ತದೆ, ಮೇಲಿನ ಕೆಳಗಿನ ಹಲ್ಲುಗಳಿಗೆ ಕೂರುವ ಒಂದು ಅಚ್ಚು ಹಾಕಿ ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಟ್ಟರೆ ನಾಲಿಗೆಯೂ ಮುಂದೆ ಬಂದು ಗಾಳಿಗೆ ದಾರಿ ಬಿಡುತ್ತದೆ ಎಂದು ಬಿಡಿಸಿ ಹೇಳಿದಳು. ಎತ್ತಿನ ಮೂಗುದಾರ ಹಿಡಿದು ಮುಂದಕ್ಕೆ ಎಳೆದ ಹಾಗೆ ಎಂದು ಚನ್ನಾಜಮ್ಮ ಅರ್ಥ ಮಾಡಿಕೊಂಡಳು. ಎತ್ತು ಸುಮ್ಮನೆ ತಲೆದೂಗಿತು.

ಅಚ್ಚು ತಯಾರಾದ ದಿನ ಡಾಕ್ಟರಮ್ಮ ಎರಡು ಮಾತು ಹೇಳಿದಳು. ಇದನ್ನು ತಣ್ಣೀರಲ್ಲಿ ತೊಳೆದು ಡಬ್ಬಿಯಲ್ಲಿಡಬೇಕು. ಇನ್ನೊಂದು, ಅವನು ಮಲಗಿದಾಗ ಉಸಿರು ಎಷ್ಟು ಸಲ ನಿಲ್ಲುತ್ತದೆಂದು ಮನೆಯವರು ಯಾರಾದರೂ ನೋಡಿ ಹೇಳಿದರೆ ಒಳ್ಳೆಯದು. ಎರಡನೆಯ ಮಾತನ್ನು ಚನ್ನಾಜಮ್ಮ ರಾಜಾಜ್ಞೆಯಂತೆ ಶಿರಸಾವಹಿಸಿದಳು. ಬರೆಯಲು ಅಕ್ಷರ ಬಾರದು, ಹಾಗಾಗಿ ಹುಣಸೆ ಬೀಜ. ಮಧ್ಯಾಹ್ನ ಮಗನ ತಲೆದಿಂಬಿನ ಪಕ್ಕ ಕೂತು, ಉಸಿರು ನಿಂತಾಗಲೆಲ್ಲ ಒಂದು ಬೀಜವನ್ನು ಲೋಟಕ್ಕೆ ಹಾಕುವಳು. ಹೋಲಿಸಿ ನೋಡಲು ಅಚ್ಚಿಲ್ಲದೆ ಮಲಗಿಸಿದ ಮೊದಲ ದಿನ ನಲವತ್ತೊಂದು ಬೀಜ. ಅಚ್ಚು ಹಾಕಿದ ಮೇಲೆ ಒಂಬತ್ತು, ಆಮೇಲೆ ಆರು.

ಆರು ಬಿದ್ದ ದಿನವೇ ಸೊಸೆ ಅರ್ಪಿತ ಅಚ್ಚನ್ನು ನಲ್ಲಿ ನೀರಿಗೆ ಹಿಡಿದು ಒಂದೇ ಸಲ ಒದರಿ ಡಬ್ಬಿಗೆ ಹಾಕಿದ್ದು ಚನ್ನಾಜಮ್ಮನ ಕಣ್ಣಿಗೆ ಬಿತ್ತು.

“ಡಾಕ್ಟ್ರು ಹಂಗೇ ಯೋಳವ್ರೆ ಅತ್ತೆ.”

“ಡಾಕ್ಟ್ರ ಮನೇಲಿ ಎಂಜ್ಲು ಮುಸುರೆ ಇಲ್ದೆ ಇರ್ಬೌದು. ನಮ್ಮನೇಲಿ ಐತೆ. ತತ್ತಾ ಇಲ್ಲಿ.”

ಅಂದಿನಿಂದ ತೊಳೆಯುವ ಅಧಿಕಾರವೂ ಅವಳದೇ ಆಯಿತು. ಮರುದಿನದಿಂದ ಲೋಟದಲ್ಲಿ ಮೂವತ್ತೆಂಟು ಬೀಜ, ನಲವತ್ತಮೂರು ಬೀಜ. ನಂಜುಂಡೇಶ ಎದ್ದರೆ ಮೇಲ್ದವಡೆ ನಂಜನಗೂಡಿನ ಕಡೆ, ಕೆಳದವಡೆ ನರಸೀಪುರದ ಕಡೆ. ರೊಟ್ಟಿ ಅಗಿಯಲಾರದೆ ಮುದ್ದೆ ನುಂಗಿಕೊಂಡು ಕಾಲ ಕಳೆದ. ಅಚ್ಚಿನಿಂದ ಗುಣವಾಗಿದೆಯೇ ಎಂದು ನೋಡುವ ಮೈಸೂರಿನ ಎರಡನೆಯ ಪರೀಕ್ಷೆಗೆ ಉಳಿದದ್ದು ಎಂಟೇ ದಿನ. ಅದರಲ್ಲಿ ಫೇಲಾದರೆ ಮಲ್ಲಯ್ಯ ವ್ಯಾನಿಗೆ ಬೇರೆಯವನನ್ನು ಇಟ್ಟುಕೊಳ್ಳುವುದು ಖಂಡಿತ.

ಚನ್ನಾಜಮ್ಮ ಬೀಜದ ಚೀಲ ಹಿಡಿದು, ಮಗ ಸೊಸೆಯನ್ನು ಎಳೆದುಕೊಂಡು ಮತ್ತೆ ಹದಿನೇಳು ಮೆಟ್ಟಿಲು ಹತ್ತಿದಳು. ಟೇಬಲ್ಲಿನ ಮೇಲೆ ದಿನಕ್ಕೊಂದು ಗುಡ್ಡೆಯಂತೆ ಬೀಜ ಹರವಿ, ನಿನ್ನ ಸಾಮಾನು ನಾಕು ದಿನಕ್ಕೆ ಸೊರಗಿತು ಎಂದು ಬೈದಳು. ಡಾಕ್ಟರಮ್ಮ ಗುಡ್ಡೆಗಳನ್ನು ಗೌರವದಿಂದ ನೋಡಿ, ಅಚ್ಚನ್ನು ಬೆಳಕಿಗೆ ಹಿಡಿದಳು. ಅದು ಬಿಸಿಲಿಗೆ ಬಿದ್ದ ಹಪ್ಪಳದಂತೆ ಸೊಟ್ಟಗಿತ್ತು.

“ಅಮ್ಮ, ಇದನ್ನ ಹೇಗೆ ತೊಳೀತಿದ್ರಿ?”

“ಹಾಲಿನ ಕ್ಯಾನ್ ತೊಳ್ದಂಗೆ ಕಣವ್ವ. ಹಂಡೇಲಿ ಕೊತಕೊತ ಕುದಿಯೋ ನೀರು, ಅದ್ರಲ್ಲಿ ನೂರು ಎಣ್ಸೋಗಂಟ. ಒಂದ್ ಕಮ್ಮಿ ಇಲ್ಲ, ಒಂದ್ ಜಾಸ್ತಿ ಇಲ್ಲ.”

ಅರ್ಪಿತ ಸೀಲಿಂಗ್ ಫ್ಯಾನು ನೋಡಿದಳು. ನಂಜುಂಡೇಶ ಏನೋ ಅಂದ, ದವಡೆ ಸೊಟ್ಟಗಿದ್ದುದರಿಂದ ಯಾರಿಗೂ ತಿಳಿಯಲಿಲ್ಲ (ತಿಳಿಯದಿದ್ದದ್ದೇ ಒಳ್ಳೆಯದಾಯಿತು).

ಡಾಕ್ಟರಮ್ಮ ಪರೀಕ್ಷೆಯ ದಿನ ಮುಂದಕ್ಕೆ ಹಾಕಿಸಿದಳು, ಮಲ್ಲಯ್ಯನಿಗೆ ತಾನೇ ಫೋನು ಮಾಡಿದಳು, ಹೊಸ ಅಚ್ಚು ಮಾಡಿ ಅದರ ಪುಟ್ಟ ತಿರುಪನ್ನು ವಾರವಾರ ಚೂರುಚೂರೇ ತಿರುಗಿಸಿ ದವಡೆಯನ್ನು ಹದಕ್ಕೆ ತಂದಳು. ಬೀಜ ಆರಕ್ಕಿಳಿಯಿತು, ಮೂರಕ್ಕಿಳಿಯಿತು. ಮೈಸೂರಿನವರು ಕಾಗದ ಬರೆದುಕೊಟ್ಟರು. ವ್ಯಾನಿನ ಕೀ ನಂಜುಂಡೇಶನ ಜೇಬಿಗೆ ಮರಳಿತು. ತೊಳೆಯುವ ಅಧಿಕಾರ ಅರ್ಪಿತಳಿಗೆ ಮರಳಿತು.

ಕಡೆಯ ಸಲ ತೋರಿಸಿಕೊಳ್ಳಲು ಹೋದಾಗ, ಒಳಗೆ ಮಗನ ದವಡೆ ನೋಡುತ್ತಿರಲು, ಚನ್ನಾಜಮ್ಮ ಹೊರಗಿನ ಬೆಂಚಿನಲ್ಲಿ ಬೀಜದ ಚೀಲ ಪಕ್ಕಕ್ಕಿಟ್ಟು ಗೋಡೆಗೆ ಒರಗಿದಳು. ಕಣ್ಣು ಮುಚ್ಚಿದ್ದು ಒಂದೇ ಗಳಿಗೆ ಎಂದು ಇವತ್ತಿಗೂ ಅವಳ ವಾದ. ಕಣ್ಣು ಬಿಟ್ಟರೆ ಅರ್ಪಿತ ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ, ಹಲ್ಲುನೋವಿನವರೆಲ್ಲ ನೋವು ಮರೆತು ಇತ್ತಲೇ ನೋಡುತ್ತಿದ್ದಾರೆ, ಡಾಕ್ಟರಮ್ಮ ಒಳಗಿಂದ ಬಂದು ಪಕ್ಕದಲ್ಲೇ ಕೂತಿದ್ದಾಳೆ. ಅವಳ ಅಂಗೈಯಲ್ಲಿ ಚೀಲದಿಂದ ತೆಗೆದ ಹುಣಸೆ ಬೀಜ. ಹನ್ನೊಂದು.

“ನಂಗೆ ಗೊರ್ಕೆ ಗಿರ್ಕೆ ಇಲ್ಲ ಕಣವ್ವ,” ಎಂದಳು ಚನ್ನಾಜಮ್ಮ. “ಇದ್ದಿದ್ರೆ ಇಷ್ಟೊತ್ಗೆ ಯಾರಾರ ಯೋಳೋರು.”

“ಯಜಮಾನ್ರು ತೀರ್ಕೊಂಡು ಎಷ್ಟು ವರ್ಷ ಆಯ್ತಮ್ಮ?”

“ಹದಿನಾಕು ವರ್ಷ, ಐದು ತಿಂಗ್ಳು, ಒಂಬತ್ತು ದಿನ.”

ಡಾಕ್ಟರಮ್ಮ ಬೀಜಗಳನ್ನು ಒಂದೊಂದಾಗಿ ಅವಳ ಅಂಗೈಗೆ ಹಾಕಿ, ಮೆಲ್ಲಗೆ ಕೇಳಿದಳು.

“ಅವತ್ತಿಂದ ನಿಮ್ಮ ಉಸಿರು ಎಣಿಸಿದೋರು ಯಾರು?”